ಐದೂವರೆ ಬಸ್ಸಿನ ಪಿ.ಡಿ. ಸರ್

ನಮ್ಮ ಪಿ.ಡಿ. ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಒಬ್ಬ ಅಜ್ಜನ ಕೈಯಲ್ಲಿ ನರ ಹುಡುಕುತ್ತಿದ್ದೆ. ಬೇಲೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ನಾನು. ಡ್ರಿಪ್ ಹಾಕಿ ಮುಗಿಸಿ, ಕೈ ತೊಳೆದು ಮೊಬೈಲ್ ನೋಡಿದೆ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ನಾವೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪೊಂದಿದೆ. ದಿನಾ ಬೆಳಿಗ್ಗೆ ಹೂವಿನ ಚಿತ್ರ, ಹಬ್ಬಕ್ಕೆ ಒಬ್ಬಟ್ಟಿನ ಚಿತ್ರ ಬಿಟ್ಟರೆ ಅದರಲ್ಲಿ ಬೇರೇನೂ ಬರುವುದಿಲ್ಲ. ಅವತ್ತು ಸುದ್ದಿಯ ಕೆಳಗೆ ಎಲ್ಲರೂ ಸಾಲಾಗಿ ಕೈಮುಗಿದ ಚಿತ್ರ ಹಾಕಿದ್ದರು. ಒಬ್ಬಳಾದರೂ ಒಂದು ಸಾಲು ಬರೆಯಬಾರದೇ ಎಂದು ನನಗೆ ಸಿಟ್ಟು ಬಂತು. ಸರಿ, ನಾನೇ ಬರೆಯೋಣ ಎಂದು ಹೊರಟು, ಹತ್ತು ನಿಮಿಷ ಒದ್ದಾಡಿ, ಕೊನೆಗೆ ನಾನೂ ಕೈಮುಗಿದ ಚಿತ್ರವನ್ನೇ ಹಾಕಿದೆ. ಅವತ್ತು ಬರೆಯಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಗ್ರೂಪ್ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಶೂ ಲೇಸು ಕಟ್ಟಿಕೊಳ್ಳಲು ಬಗ್ಗುತ್ತಿದ್ದ ಮನುಷ್ಯ ಅವರು. ನಮ್ಮ ಹತ್ತು ಫೋಟೋಗಳಲ್ಲಿ ಎಂಟರಲ್ಲಿ ಸರ್ ಅವರ ಬೆನ್ನು ಮಾತ್ರ ಇದೆ. ಅರಸೀಕೆರೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಆಟದ ಮೇಷ್ಟ್ರು. ಬ್ಯಾಸ್ಕೆಟ್‌ಬಾಲ್ ಕಲಿಸುವವರು ಎಂದರೆ ನಮಗಿಂತ ಒಂದು ಗೇಣು ಎತ್ತರ ಇರುತ್ತಾರೆ ಎಂದುಕೊಳ್ಳುತ್ತೇವೆ. ಸರ್ ನನ್ನ ಭುಜಕ್ಕೆ ಬರುತ್ತಿದ್ದರು. ರಿಂಗು ತೋರಿಸಿ ಏನಾದರೂ ಹೇಳುವಾಗ ಮುಂಗಾಲಲ್ಲಿ ನಿಲ್ಲುವ ಅಭ್ಯಾಸ. ಆಗ ಹಿಮ್ಮಡಿ ಶೂನಿಂದ ಆಚೆ ಬಂದುಬಿಡುತ್ತಿತ್ತು. ಸಾಕ್ಸಿನ ತೂತು ಕಂಡು ನಾವು ನಗುತ್ತಿದ್ದೆವು. ಯಾಕೆ ನಗುತ್ತೇವೆ ಎಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಯಾರನ್ನೂ ಅವರು ಹೆಸರು ಹಿಡಿದು ಕರೆದವರಲ್ಲ. ಊರಿನ ಹೆಸರೇ ನಮ್ಮ ಹೆಸರು. "ಏ ಅರೇಹಳ್ಳಿ, ನೋಡ್ಕೊಂಡು ಎಸಿಯಮ್ಮ! ಗೆಂಡೆಹಳ್ಳಿ, ನಿಂತ್ಕೊಂಡು ಏನ್ ನೋಡ್ತಿದೀಯ, ಓಡು! ಬಸ್ತಿಹಳ್ಳಿ, ಚೆಂಡು ಬಿಡು ತಾಯಿ, ಬಿಡು!" ಎದುರಾಳಿ ಟೀಮಿನವರಿಗೆ ನಮ್ಮ ಆಟ ಬಸ್ ಸ್ಟ್ಯಾಂಡಿನ ಮೈಕಿನ ಹಾಗೆ ಕೇಳಿಸುತ್ತಿತ್ತೇನೋ. ಸರ್ ಅವರ ಕೋಣೆಯ ಗೋಡೆಯ ಮೇಲೂ ಅದೇ. ಬೇರೆ ಕಾಲೇಜುಗಳಲ್ಲಿ ಆ ಜಾಗದಲ್ಲಿ ಶೀಲ್ಡು, ಕಪ್ಪು ಇರುತ್ತವೆ. ಇವರ ಗೋಡೆಯಲ್ಲಿ ಒಂದು ರಟ್ಟು, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಊರಿನ ಹೆಸರು, ಎದುರಿಗೆ ಸಾಯಂಕಾಲದ ಕೊನೇ ಬಸ್ಸಿನ ಟೈಮು. ಹಳ್ಳಿ ಹುಡುಗಿಯರನ್ನು ಕಟ್ಟಿಕೊಂಡು ಟೀಮು ಮಾಡುವವರಿಗೆ ಮೊದಲು ಬರಬೇಕಾದ ವಿದ್ಯೆ ಅದು ಎಂದು ಅವರ ಅಭಿಪ್ರಾಯ.

ಬಸ್ತಿಹಳ್ಳಿ ಎಂದರೆ ನಾನು. ಹಳೇಬೀಡಿಗೆ ಅಂಟಿಕೊಂಡ ನಮ್ಮೂರಿಗೆ ಬರುವವರೆಲ್ಲ ಬಸದಿ ನೋಡಲು ಬರುತ್ತಾರೆ. ಸರ್ ಕೂಡ ಹಾಗೇ ಬಂದವರು, ಕಾಲೇಜಿನ ಮಕ್ಕಳನ್ನು ಕರೆದುಕೊಂಡು. ಹಳೇಬೀಡು ಮುಗಿಸಿ, ಮಕ್ಕಳನ್ನು ಬಸದಿಯೊಳಕ್ಕೆ ಕಳಿಸಿ, ತಾವು ರಸ್ತೆ ಬದಿಯಲ್ಲಿ ಬೀಡಿ ಸೇದುತ್ತಾ ನಿಂತಿದ್ದರಂತೆ. ಎದುರಿಗೆ ನಮ್ಮ ಮನೆ. ಅವತ್ತು ನಮ್ಮಲ್ಲಿ ಅಟ್ಟಕ್ಕೆ ಕಾಯಿ ತುಂಬುವ ಕೆಲಸ ನಡೆದಿತ್ತು. ನಮ್ಮ ಕಡೆ ಕೊಬ್ಬರಿ ಮಾಡುವವರು ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ ಅದು ಉಂಡೆ ಕೊಬ್ಬರಿಯಾಗಬೇಕು. ಅಪ್ಪ ಅಟ್ಟದ ಕಿಂಡಿಯಲ್ಲಿ ಕೂತು ಕಾಯಿ ಹಿಡಿದುಕೊಳ್ಳುತ್ತಿದ್ದ. ಅವ್ವ ರಾಶಿಯಿಂದ ಎತ್ತಿ ನನಗೆ ಕೊಡುತ್ತಿದ್ದಳು. ನಾನು ಅಂಗಳದಲ್ಲಿ ನಿಂತು ಮೇಲಕ್ಕೆ ಎಸೆಯುತ್ತಿದ್ದೆ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ಕೂತಿದ್ದ ನಾನು ಆಗಲೇ ಅಪ್ಪನಿಗಿಂತ ಎತ್ತರ. ಊರಿನ ಹುಡುಗರು ನನ್ನನ್ನು ಕಂಡರೆ "ಗಳ ಬಂತು ಗಳ" ಅನ್ನುತ್ತಿದ್ದರು.

ಸರ್ ಗೇಟಿನ ಹತ್ತಿರ ಬಂದು ನಿಂತರು. ನಾನು ಅವ್ವನ ಕಡೆ ನೋಡಿಕೊಂಡೇ ಎಸೆಯುತ್ತಿದ್ದೆ, ಕಿಂಡಿಯ ಕಡೆ ಅಲ್ಲ. ವರ್ಷಾವರ್ಷ ಮಾಡಿದ ಕೆಲಸ, ನೋಡುವುದೇನಿದೆ?

"ಏನಮ್ಮ, ಮೇಲೆ ನೋಡದೇನೆ ಎಸೀತೀಯಲ್ಲ, ನಿಮ್ಮಪ್ಪನ ತಲೆ ಒಡೆದ್ರೆ?" ಎಂದರು.

"ಅಪ್ಪ ಅಲ್ಲೇ ಅವ್ನೆ, ಎಲ್ಲಿಗೋಯ್ತನೆ?" ಎಂದೆ ನಾನು.

ಅವರು ಬಸದಿ ನೋಡದೆ ಹೋದರು. ಮುಂದಿನ ಭಾನುವಾರ ಒಬ್ಬರೇ ಬಸ್ಸು ಹತ್ತಿ ವಾಪಸ್ ಬಂದರು.

ಕಾಲೇಜಿಗೆ ಆಟಗಾರರನ್ನು ಸೇರಿಸಿಕೊಳ್ಳುವುದು ಎಂದರೆ ಈಗಿನವರಿಗೆ ಟ್ರಯಲ್ಸು, ಫಾರಂ, ಸರ್ಟಿಫಿಕೇಟು. ಸರ್ ಅವರದು ಭಾನುವಾರ, ಕೆಂಪು ಬಸ್ಸು, ಯಾರದೋ ಮನೆ ಜಗುಲಿ. ನಮ್ಮ ಮನೆಗೆ ಮೂರು ಭಾನುವಾರ ಬಂದರು. ಮೊದಲನೇ ಸಲ ಅಪ್ಪ ಅಟ್ಟದಿಂದ ಕೆಳಗೇ ಇಳಿಯಲಿಲ್ಲ. ಸರ್ ಜಗುಲಿಯಲ್ಲಿ ಕೂತು ಕಾಫಿ ಕುಡಿದು, ಅಜ್ಜಿಯ ಮಂಡಿನೋವಿನ ಪೂರಾ ಚರಿತ್ರೆ ಕೇಳಿಸಿಕೊಂಡು ಹೋದರು. ಎರಡನೇ ಸಲ ಬಂದಾಗ ಇನ್ನೂ ಕಾಯಿ ಉಳಿದಿತ್ತು. ಅವ್ವನಿಗೆ ಜ್ವರ. ಸರ್ ಪ್ಯಾಂಟು ಮಡಚಿ ಅವ್ವನ ಜಾಗದಲ್ಲಿ ನಿಂತರು. ಮಧ್ಯಾಹ್ನದವರೆಗೆ ಕಾಯಿ ಎತ್ತಿ ಕೊಟ್ಟರು. ನಾಲ್ಕು ಕಾಯಿ ಕೈಜಾರಿ ಚಪ್ಪಡಿ ಮೇಲೆ ಬಿದ್ದವು. ಒಂದೊಂದು ಬಿದ್ದಾಗಲೂ ಅಟ್ಟದಿಂದ ಅಪ್ಪ "ಥೂ!" ಅನ್ನುತ್ತಿದ್ದ. ಮೇಷ್ಟ್ರಿಗೆ ಅನ್ನುತ್ತಿದ್ದಾನೋ ಕಾಯಿಗೆ ಅನ್ನುತ್ತಿದ್ದಾನೋ ಗೊತ್ತಾಗದೆ ನನಗೆ ಜೀವ ಹೋಗಿ ಬರುತ್ತಿತ್ತು.

ಮೂರನೇ ಭಾನುವಾರ ಅಪ್ಪ ಎದುರು ಕೂತ. ಹತ್ತಕ್ಕೆ ನಿಲ್ಲಿಸುವುದು ಎಂದು ಅಪ್ಪ ಆಗಲೇ ತೀರ್ಮಾನ ಮಾಡಿಯಾಗಿತ್ತು. ಹಳೇಬೀಡಿನ ಕಾಲೇಜಿಗೇ ಕಳಿಸಲು ಮನಸ್ಸಿಲ್ಲದವನು ಅರಸೀಕೆರೆಗೆ ಕಳಿಸುತ್ತಾನೆಯೇ?

"ಈ ಆಟ ಆಡಿದ್ರೆ ಇವಳಿಗೇನು ಸಿಗ್ತೈತೆ ಮೇಷ್ಟ್ರೇ?"

"ಗೊತ್ತಿಲ್ಲ. ಏನೂ ಸಿಗದೇನೂ ಹೋಗ್ಬೋದು. ಆದ್ರೆ ಓದು ನಡೆಯುತ್ತಲ್ಲ."

ನನಗೆ ಅಳು ಬರುವಂತಾಯಿತು. ಜಿಲ್ಲೆ, ರಾಜ್ಯ, ಪೇಪರಿನಲ್ಲಿ ಫೋಟೋ, ಏನಾದರೂ ಒಂದು ಸುಳ್ಳು ಹೇಳಬಾರದೇ ಈ ಮನುಷ್ಯ ಎಂದುಕೊಂಡೆ. ಅಪ್ಪನಿಗೆ ಮಾತ್ರ ಆ ಉತ್ತರ ಹಿಡಿಸಿತೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಸಾಯಂಕಾಲ ಹೊತ್ತಾಗ್ತೈತಲ್ಲ. ಹೆಣ್ಮಗ" ಎಂದ.

"ಐದೂವರೆ ಬಸ್ಸಿಗೆ ನಾನೇ ಹತ್ತಿಸ್ತೀನಿ. ಬಸ್ಸು ಹೊರಡೋ ತನಕ ಅಲ್ಲೇ ನಿಂತಿರ್ತೀನಿ."

"ದಿನಾನಾ?"

"ದಿನಾ."

"ನೋಡಿ ಮತ್ತೆ. ಆ ಬಸ್ಸು ಹಳೇಬೀಡಿಗೆ ಬಂದು, ಇವಳು ಇಳೀಲಿಲ್ಲ ಅಂದ್ರೆ ಅವತ್ತಿಗೆ ಕಾಲೇಜು ಮುಗೀತು. ಆಮ್ಯಾಕೆ ನೀವು ಬರಂಗಿಲ್ಲ, ನಾನು ಕೇಳಂಗಿಲ್ಲ."

ಸರ್ ಎದ್ದು ಶೂಗೆ ಕಾಲು ತೂರಿಸಿದರು. ಅಷ್ಟೇ. ನಾನು ಜೂನಿಯರ್ ಕಾಲೇಜಿಗೆ ಸೇರಿದ್ದು ಹೀಗೆ.

ಸೇರಿದ ಮೇಲೆ ಬೇರೆ ಫಜೀತಿ ಶುರುವಾಯಿತು. ನನಗೆ ಚೆಂಡನ್ನು ನೆಲಕ್ಕೆ ಕುಟ್ಟಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದಕ್ಕಿಂತ ಮನಸ್ಸು ಒಪ್ಪುತ್ತಿರಲಿಲ್ಲ. ಕಾಯಿಗೆ ಮರದಿಂದ ಉದುರುವಾಗ ಬಿದ್ದದ್ದೇ ಒಂದು ಏಟು, ಅಂಗಳದಲ್ಲಿ ಎರಡನೇ ಏಟು ಬಿದ್ದರೆ ಒಳಗೆ ಬಿರಿದು ಅಟ್ಟದಲ್ಲಿ ಕೊಳೆಯುತ್ತದೆ ಎಂದು ಅಪ್ಪ ಚಿಕ್ಕಂದಿನಿಂದ ಬೈದು ಬೈದು ಕಲಿಸಿದ್ದ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡು ಕುಟ್ಟದೆ ಹೆಜ್ಜೆ ಇಡುವಂತಿಲ್ಲ. ನಾನೋ ಚೆಂಡು ಕೈಗೆ ಬಂದರೆ ಎದೆಗೆ ಅವುಚಿಕೊಂಡು ನಿಂತುಬಿಡುತ್ತಿದ್ದೆ. ಬೇರೆಯವರ ಕೈಯಿಂದ ಜಾರಿದ ಚೆಂಡು ನೆಲ ಮುಟ್ಟುವ ಮೊದಲು ಬಿದ್ದು ಎದ್ದು ಹಿಡಿಯುತ್ತಿದ್ದೆ. ಮೊದಲ ವಾರವೇ ಎರಡೂ ಮಂಡಿ ಕಿತ್ತುಹೋದವು.

"ಬಿಡು ತಾಯಿ, ಅದು ರಬ್ಬರು, ಒಡೆಯಲ್ಲ!" ಎಂದು ಸರ್ ಕೂಗುವುದು, ನಾನು ಬಿಡದಿರುವುದು, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುವುದು. ಒಂದು ತಿಂಗಳು ಇದೇ ಆಯಿತು. ನನ್ನನ್ನು ಸೇರಿಸಿಕೊಂಡು ಸರ್ ಕೆಟ್ಟರು ಎಂದು ಕಾಲೇಜಿನಲ್ಲೆಲ್ಲ ಮಾತು. ಒಂದು ದಿನ ಸರ್ ನನ್ನನ್ನು ಕರೆದು, "ನೀನಿನ್ನು ಕುಟ್ಟಬೇಡ" ಎಂದರು. ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ಕಳಿಸಲಿಲ್ಲ. ಕೋರ್ಟಿನ ಮಧ್ಯೆ ನಿಲ್ಲಿಸಿದರು. "ನೀನು ಇಲ್ಲೇ ಇರು. ಬಂದ ಚೆಂಡು ಹಿಡಿ, ಎಸಿ. ನಿಮ್ಮಪ್ಪ ಎಲ್ಲೆಲ್ಲಿ ಕೂತಿದಾನೆ ಅಂತ ನಾನು ಹೇಳ್ತೀನಿ." ಉಳಿದ ನಾಲ್ವರನ್ನು ನನ್ನ ಸುತ್ತ ಓಡಿಸಿದರು. ಚೆಂಡು ಎಲ್ಲಿ ಸಿಕ್ಕರೂ ಮೊದಲು ನನ್ನ ಕೈಗೆ ಬರಬೇಕು, ನಾನು ನೋಡದೆ ಎಸೆಯಬೇಕು. ನನಗೆ ಬಾರದ್ದನ್ನು ಬಿಟ್ಟು, ನನಗೆ ಬರುವುದರ ಸುತ್ತ ಇಡೀ ಆಟವನ್ನೇ ಕಟ್ಟಿದ ಮೇಷ್ಟ್ರು ಅವರು. ನರ್ಸಿಂಗ್ ಓದುವಾಗ, ಆಮೇಲೆ ಕೆಲಸದಲ್ಲಿ, ಎಷ್ಟೋ ದೊಡ್ಡವರ ಕೈಕೆಳಗೆ ಕಲಿತಿದ್ದೇನೆ. ಹೀಗೆ ಮಾಡಿದವರು ಇನ್ನೊಬ್ಬರಿಲ್ಲ.

ಹೊಗಳುವುದರಲ್ಲಿ ಮಾತ್ರ ಕಡುಜಿಪುಣ. ಎಷ್ಟೇ ಚೆನ್ನಾಗಿ ಆಡಿದರೂ "ಪರವಾಗಿಲ್ಲ". ಒಮ್ಮೆ ಅರೇಹಳ್ಳಿಯವಳು ಅರ್ಧ ಕೋರ್ಟಿನಿಂದ ಎಸೆದ ಚೆಂಡು ರಿಂಗಿಗೆ ತಾಗದೆ ಒಳಗೆ ಬಿತ್ತು. ನೋಡುತ್ತಿದ್ದವರೆಲ್ಲ ಕುಣಿದರು. ಸರ್ "ಪರವಾಗಿಲ್ಲ, ಇನ್ನೊಂದು ಸಲ ಹಂಗೆ ಎಸೀಬೇಡ" ಎಂದರು.

ಸಾಯಂಕಾಲ ಐದು ಹತ್ತಕ್ಕೆ ಆಟ ಎಲ್ಲಿದ್ದರೂ ನಿಲ್ಲುತ್ತಿತ್ತು. ಗೋಡೆಯ ರಟ್ಟಿನಲ್ಲಿ ಎಲ್ಲರಿಗಿಂತ ಮೊದಲು ಹೊರಡುವ ಬಸ್ಸು ನನ್ನದು. ನಾನು ಬ್ಯಾಗು ತಗಲಿಸಿಕೊಂಡು ಮುಂದೆ, ಸರ್ ಹಿಂದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಸೀಟು ಹಿಡಿದು ಕೂತ ಮೇಲೆ ಕಂಡಕ್ಟರಿಗೆ ಒಂದು ಮಾತು ಹೇಳಿ, ಬಸ್ಸು ಹೊರಡುವವರೆಗೆ ಕಂಬಕ್ಕೆ ಒರಗಿ ನಿಂತಿರುತ್ತಿದ್ದರು. ಟಾಟಾ ಮಾಡುವುದು, ನಗುವುದು ಏನೂ ಇಲ್ಲ.

ಅಪ್ಪನ ಷರತ್ತು ಬಾಯಿಮಾತಿನದಲ್ಲ ಎಂದು ಮೊದಲ ವರ್ಷವೇ ಗೊತ್ತಾಯಿತು. ಒಂದು ಸಾಯಂಕಾಲ ಜಾವಗಲ್ ಹತ್ತಿರ ಬಸ್ಸು ಕೆಟ್ಟು ನಿಂತು, ನಾನು ಮನೆ ಸೇರುವಾಗ ಊಟದ ಹೊತ್ತು ಮೀರಿತ್ತು. ಅಪ್ಪ ಬೈಯಲಿಲ್ಲ. ನನ್ನ ಬ್ಯಾಗು ತೆಗೆದುಕೊಂಡು ಅಟ್ಟದ ಮೇಲೆ ಕಾಯಿರಾಶಿಯ ಹಿಂದೆ ಇಟ್ಟು, ಏಣಿ ಎತ್ತಿಟ್ಟ. ಮೂರು ದಿನ ನಾನು ಕಾಲೇಜಿಗೆ ಹೋಗಲಿಲ್ಲ. ನಾಲ್ಕನೇ ದಿನ ಸರ್ ಆ ಬಸ್ಸಿನ ಕಂಡಕ್ಟರನ್ನೇ ಕರೆದುಕೊಂಡು ಬಂದರು. ಕಂಡಕ್ಟರ್ ನಮ್ಮ ಜಗುಲಿಯಲ್ಲಿ ನಿಂತು, ಬಸ್ಸು ಕೆಟ್ಟದ್ದು ಹೌದು, ಹುಡುಗಿ ಬಸ್ಸಿನಲ್ಲೇ ಇದ್ದದ್ದು ಹೌದು ಎಂದು ಸಾಕ್ಷಿ ಹೇಳಿದ ಮೇಲೆ ಏಣಿ ಕೆಳಗೆ ಬಂತು. "ಇದೊಂದ್ಸಲ" ಎಂದ ಅಪ್ಪ.

ಎರಡನೇ ವರ್ಷ ನಮ್ಮ ಟೀಮು ಜಿಲ್ಲೆಯ ಫೈನಲ್‌ಗೆ ಬಂತು. ಸರ್ ಅವರ ನೌಕರಿಯಲ್ಲೇ ಮೊದಲ ಸಲ. ಗೆದ್ದರೆ ರಾಜ್ಯಮಟ್ಟಕ್ಕೆ. ಮ್ಯಾಚು ಅರಸೀಕೆರೆಯಲ್ಲೇ, ಮಧ್ಯಾಹ್ನ ಎರಡಕ್ಕೆ. ಉದ್ಘಾಟನೆಗೆ ಬರಬೇಕಾದ ಮುಖ್ಯ ಅತಿಥಿಗಳು ಮೂರು ಗಂಟೆಗೆ ಬಂದರು. ಆಮೇಲೆ ಪ್ರಾರ್ಥನೆ, ಹಾರ, ಸ್ವಾಗತ. ಕ್ರೀಡೆಯಿಂದ ಸಮಯಪ್ರಜ್ಞೆ ಬೆಳೆಯುತ್ತದೆ ಎಂದು ಅತಿಥಿಗಳು ಇಪ್ಪತ್ತು ನಿಮಿಷ ಮಾತಾಡಿದರು. ಸರ್ ಎರಡು ಸಲ ವೇದಿಕೆಯ ಹತ್ತಿರ ಹೋಗಿ "ಮಕ್ಕಳು ಊರಿಗೆ ಹೋಗ್ಬೇಕು, ಆಟ ಶುರು ಮಾಡಿಸಿ" ಎಂದು ಕೇಳಿಕೊಂಡರು. ವೇದಿಕೆಯ ಮೇಲಿದ್ದವರು ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು.

ಐದು ಗಂಟೆ ದಾಟಿದಾಗ ಕೊನೆಯ ಕ್ವಾರ್ಟರ್ ಇನ್ನೂ ಬಾಕಿ ಇತ್ತು. ನಾವು ಐದು ಪಾಯಿಂಟ್ ಮುಂದೆ. ನನ್ನ ಕೈಗೆ ಬಂದ ಚೆಂಡೆಲ್ಲ ಹೇಳಿದಲ್ಲಿಗೆ ಹೋಗುತ್ತಿತ್ತು. ಜೀವನದಲ್ಲಿ ಅಷ್ಟು ಖುಷಿ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ಸರ್ ಒಂದು ಮೂಲೆಯಲ್ಲಿ ನಿಂತು ಅಪ್ಪನ ಮೊಬೈಲಿಗೆ ಫೋನು ಮಾಡುತ್ತಿದ್ದದ್ದು ಕಾಣಿಸುತ್ತಿತ್ತು. ಅಪ್ಪ ಆ ಹೊತ್ತಿನಲ್ಲಿ ತೋಟದಲ್ಲಿರುತ್ತಾನೆ, ಮೊಬೈಲು ಮನೆಯ ಗೂಡಿನಲ್ಲಿರುತ್ತದೆ.

ಕ್ವಾರ್ಟರ್ ಶುರುವಾಗಿ ಸ್ವಲ್ಪ ಹೊತ್ತಿಗೆ ಸರ್ ಟೈಮ್ ಔಟ್ ಕೇಳಿದರು. ಏನೋ ಹೊಸ ಉಪಾಯ ಹೇಳುತ್ತಾರೆ ಎಂದು ಓಡಿ ಹೋದೆ.

"ಬ್ಯಾಗ್ ತಗೋ. ಬಸ್ಸಿಗೆ ಹೊತ್ತಾಯ್ತು."

ನನಗೆ ಅರ್ಥವಾಗಲಿಲ್ಲ. "ಸರ್, ಇನ್ನು ಐದು ನಿಮಿಷ" ಎಂದೆ.

"ಐದು ನಿಮಿಷದ ಆಟ ಮುಗಿಯೋಕೆ ಹದಿನೈದು ನಿಮಿಷ ಬೇಕು. ಬ್ಯಾಗ್ ತಗೋ."

ಟೀಮಿನ ಜೊತೆಗಿದ್ದ ಕನ್ನಡ ಮೇಡಂ ಓಡಿ ಬಂದರು. "ಸರ್, ನೀವು ಇರಿ, ನಾನು ಹೋಗಿ ಹತ್ತಿಸಿ ಬರ್ತೀನಿ. ಫೈನಲ್ಲು ಸರ್!"

"ಹತ್ತಿಸ್ತೀನಿ ಅಂತ ಹೇಳಿರೋದು ನಾನು ಮೇಡಂ. ನೀವು ಇವರನ್ನ ನೋಡ್ಕೊಳ್ಳಿ" ಎಂದರು ಸರ್.

ಆಟದ ಬಟ್ಟೆಯ ಮೇಲೇ ಚೂಡಿದಾರ್ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಅಳುತ್ತಿದ್ದೆ. ಹಿಂದಿನಿಂದ ಜನ ಕೂಗುವುದು ಕೇಳಿಸುತ್ತಿತ್ತು. ಯಾರಿಗೆ ಕೂಗುತ್ತಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ. ಸರ್ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ನಾನು ಸೀಟಿನಲ್ಲಿ ಕೂತೆ, ಅವರು ಕಂಬಕ್ಕೆ ಒರಗಿ ನಿಂತರು. ಬಸ್ಸು ಹೊರಟಿತು. ನಮ್ಮ ಟೀಮು ಒಂದು ಪಾಯಿಂಟಿನಿಂದ ಸೋತಿತು. ನನ್ನ ಮೇಷ್ಟ್ರು ತಮ್ಮ ನೌಕರಿಯ ಏಕೈಕ ಫೈನಲ್ ಮುಗಿದದ್ದನ್ನು ನೋಡಲಿಲ್ಲ. ಆಮೇಲೆ ರಿಟೈರ್ ಆಗುವವರೆಗೂ ಅವರ ಟೀಮು ಅಲ್ಲಿಗೆ ಮತ್ತೆ ಬರಲೂ ಇಲ್ಲ.

ಒಂದು ವಾರ ನಾನು ಅವರ ಜೊತೆ ಮಾತಾಡಲಿಲ್ಲ. ಹಟಕ್ಕೆ ಪ್ರಾಕ್ಟೀಸಿಗೂ ಹೋಗಲಿಲ್ಲ. ಹದಿನೇಳು ವರ್ಷದ ತಲೆಗೆ ಹೊಳೆದದ್ದು ಇಷ್ಟೇ, ಈ ಮನುಷ್ಯನಿಗೆ ಗೆಲ್ಲುವುದು ಬೇಕಿರಲಿಲ್ಲ ಎಂದು. ಟೀಮಿನವರೂ ಹಾಗೇ ಅಂದರು. ಪ್ರಿನ್ಸಿಪಾಲರು ಕರೆದು ಬೈದರಂತೆ. ಸರ್ ಯಾರಿಗೂ ಏನೂ ವಿವರಿಸಲಿಲ್ಲ. ಐದು ಹತ್ತಕ್ಕೆ ಕ್ಲಾಸಿನ ಬಾಗಿಲಿಗೆ ಬರುವರು, ನಾನು ಮುಖ ಊದಿಸಿಕೊಂಡು ಮುಂದೆ ನಡೆಯುವೆ, ಅವರು ಹಿಂದೆ. ಫೈನಲ್ ದಿನ ಅವರು ಆಟದಿಂದ ಕರೆದುಕೊಂಡು ಹೋಗದೆ ನಾನು ಬಸ್ಸು ತಪ್ಪಿಸಿಕೊಂಡಿದ್ದರೆ, ಅವತ್ತಿನ ಕಪ್ಪು ಸಿಗುತ್ತಿತ್ತು, ಕಾಲೇಜು ಅವತ್ತೇ ಮುಗಿಯುತ್ತಿತ್ತು. ಈಗ ನನಗೆ ಇದು ಎಷ್ಟು ಸ್ಪಷ್ಟವಾಗಿದೆ ಎಂದರೆ, ಆ ಒಂದು ವಾರದ ನನ್ನ ಮುಖ ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಅಪ್ಪನಿಗೆ ಮೊಬೈಲಿನಲ್ಲಿ ನಾಲ್ಕು ಮಿಸ್ಡ್ ಕಾಲ್ ಸಿಕ್ಕಿದ್ದವು. ಯಾಕೆ ಎಂದು ನನ್ನನ್ನು ಕೇಳಿದರೆ ನಾನು ಹೇಳಲಿಲ್ಲ. ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಅದೇ ಕಂಡಕ್ಟರ್ ಸಿಕ್ಕಿ ಪೂರಾ ಕಥೆ ಹೇಳಿದನಂತೆ. ಮುಂದಿನ ಸೋಮವಾರ ಮಧ್ಯಾಹ್ನ ನೋಡುತ್ತೇನೆ, ಒಗೆದ ಬಿಳಿ ಅಂಗಿ ಹಾಕಿಕೊಂಡು ಅಪ್ಪ ಕಾಲೇಜಿನ ಆಟದ ಮೈದಾನದಲ್ಲಿ ನಿಂತಿದ್ದಾನೆ. ಕಾಲೇಜು ಬಿಡಿಸಲು ಬಂದ ಎಂದೇ ಅಂದುಕೊಂಡು ಓಡಿದೆ. ಸರ್ ಚೆಂಡಿಗೆ ಗಾಳಿ ಹಾಕುತ್ತಾ ಕೂತಿದ್ದರು.

"ಆವತ್ತು ಗೆಲ್ತಿದ್ರಂತೆ ಮೇಷ್ಟ್ರೇ?" ಎಂದ ಅಪ್ಪ.

"ಆಟದಲ್ಲಿ ಹಂಗೆಲ್ಲ ಹೇಳೋಕಾಗಲ್ಲ ಬಿಡಿ."

"ಇವಳು ಇದ್ದಿದ್ರೆ?"

ಸರ್ ಪಂಪು ನಿಲ್ಲಿಸಿದರು. ನನ್ನ ಮುಖ ನೋಡಿದರು. "ಇವಳಿದ್ದಿದ್ರೆ ಗೆಲ್ತಿದ್ವಿ" ಎಂದರು.

ಎರಡು ವರ್ಷ 'ಪರವಾಗಿಲ್ಲ' ಬಿಟ್ಟು ಬೇರೇನೂ ಕೇಳಿರದ ನನಗೆ ಆ ಮಾತು ತಡೆದುಕೊಳ್ಳಲು ಆಗಲಿಲ್ಲ. ಅಪ್ಪನೆದುರೇ ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಟವೆಲಿನಿಂದ ಕತ್ತು ಒರೆಸಿಕೊಂಡ.

"ನಾನೇನೋ ಆವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ. ನೀವು ಅಷ್ಟು ದೊಡ್ಡ ಆಟನೇ ಬುಟ್ಟು ಬತ್ತೀರಾ ಅಂತ ಅಂದ್ಕಂಡಿರಲಿಲ್ಲ ಕಣ್ರೀ." ಟವೆಲು ಹೆಗಲಿಗೆ ಹಾಕಿಕೊಂಡು ಮತ್ತೆ ಅಂದ, "ಇನ್ನೊಬ್ಳು ಅವ್ಳೆ ಮನೇಲಿ. ಈ ವರ್ಷ ಹತ್ತು. ಸಾಕು ನಿಲ್ಲಿಸಾನ ಅಂದ್ಕಂಡಿದ್ದೆ. ಬರೋ ವರ್ಷ ಅವಳನ್ನೂ ಸೇರಿಸ್ಕಳಿ."

ಸರ್ ಮುಖ ಅರಳಿತು. "ಎತ್ತರ ಇದಾಳಾ?"

"ಎಲ್ಲಿ! ಅವರವ್ವನಂಗೆ ಗಿಡ್ಡಿ. ನಾಕು ಹೆಜ್ಜೆ ಓಡಿದ್ರೆ ಏದುಸಿರು ಬತ್ತೈತೆ. ಚೆಂಡು ಕಂಡ್ರೆ ಕಣ್ಣು ಮುಚ್ಕತಾಳೆ."

"ಮತ್ತೆ ನಾನೇನು ಮಾಡ್ಲಿ ಸ್ವಾಮಿ ಅವಳನ್ನ?"

"ಬಸ್ಸು ಹತ್ತಿಸ್ತೀರಲ್ಲ" ಎಂದ ಅಪ್ಪ.

ತಂಗಿ ಮರುವರ್ಷ ಕಾಮರ್ಸ್ ಸೇರಿದಳು. ನಾನು ಅಷ್ಟರಲ್ಲಿ ನರ್ಸಿಂಗ್ ಓದಲು ಹಾಸನಕ್ಕೆ ಹೋಗಿದ್ದೆ. ಅವಳು ಚೆಂಡು ಮುಟ್ಟುವುದಿರಲಿ, ಕೋರ್ಟಿನ ಕಡೆ ತಲೆ ಕೂಡ ಹಾಕಲಿಲ್ಲ. ಕ್ಲಾಸು ಮುಗಿಸಿ ಲೈಬ್ರರಿಯಲ್ಲಿ ಕೂತು ಓದಿಕೊಳ್ಳುತ್ತಿದ್ದಳು. ಅವಳಿದ್ದ ಎರಡು ವರ್ಷವೂ ಸರ್ ತಮ್ಮ ಟೀಮಿನ ಆಟ ನಿಲ್ಲಿಸಿ, ಲೈಬ್ರರಿಯ ಬಾಗಿಲಿಗೆ ಬಂದು ಅವಳನ್ನು ಕರೆದುಕೊಂಡು ಹೋಗಿ ಬಸ್ಸು ಹತ್ತಿಸಿದರು.